ಆ ಒಂದು ಸಾಲನ್ನು ಅಳಿಸಬೇಡಿ: ಸಂಶೋಧನಾ ಸಂಸ್ಥೆಗಳ ಪ್ರಚಾರ ವಿಭಾಗಗಳಿಗೆ ಒಂದು ಬಹಿರಂಗ ಪತ್ರ

ವಿಶ್ವವಿದ್ಯಾಲಯಗಳ ಮತ್ತು ವಿಜ್ಞಾನ ಸಂಸ್ಥೆಗಳ ಪ್ರಚಾರ ವಿಭಾಗದ ಮುಖ್ಯಸ್ಥರಿಗೆ,

ಮಾನ್ಯರೇ,

ನಮಸ್ಕಾರ. ನಿಮಗಾಗಿ ಬರೆಯುವ ಫ್ರೀಲಾನ್ಸ್ ಬರಹಗಾರರಲ್ಲಿ ನಾನೂ ಒಬ್ಬಳು. ನಿಮ್ಮ ಸಂಬಳದ ಪಟ್ಟಿಯಲ್ಲಿ ನನ್ನ ಹೆಸರಿಲ್ಲ, ನಿಮ್ಮ ವೆಬ್‌ಸೈಟಿನಲ್ಲೂ ಇಲ್ಲ. ಆದರೂ ನಿಮ್ಮ ಲ್ಯಾಬಿನಿಂದ ಹೊಸ ಪೇಪರ್, ಅಂದರೆ ಸಂಶೋಧನಾ ಪ್ರಬಂಧ, ಬಂದಾಗ ಪತ್ರಿಕೆಗಳಿಗೆ ಹೋಗುವ ಪ್ರೆಸ್ ನೋಟ್, ವಾರ್ಷಿಕ ವರದಿಯ ಮೊದಲ ಪುಟಗಳು, ಹಳೆಯ ವಿದ್ಯಾರ್ಥಿಗಳಿಗೆ ಕಳಿಸುವ ಸಂಚಿಕೆಯ ಲೇಖನಗಳು, ಒಮ್ಮೊಮ್ಮೆ ನಿರ್ದೇಶಕರ ಸಹಿಯಿರುವ ಮುನ್ನುಡಿ ಕೂಡ ನನ್ನಂಥವರು ಬರೆದುಕೊಟ್ಟವು. ಹೆಸರು ಹಾಕುವುದಿಲ್ಲ ಎಂಬ ಷರತ್ತಿಗೆ ಒಪ್ಪಿಯೇ ಈ ಕೆಲಸಕ್ಕೆ ಬಂದಿದ್ದೇನೆ. ಅದರ ತಕರಾರು ಇಲ್ಲಿ ತೆಗೆಯುವುದಿಲ್ಲ.

ಈ ಪತ್ರ ಒಂದು ಸಾಲಿನ ಬಗ್ಗೆ. ನಾನು ಬರೆಯುವ, ನೀವು ಅಳಿಸುವ ಸಾಲು. ಪ್ರತಿ ಸಲವೂ ಅದರ ಪದಗಳು ಬೇರೆ. "ಇದು ಇಲಿಗಳ ಮೇಲೆ ಮಾಡಿದ ಪ್ರಯೋಗ." "ಅಧ್ಯಯನದಲ್ಲಿದ್ದವರು ಬರೀ 24 ಮಂದಿ." "ಇವೆರಡೂ ಒಟ್ಟಿಗೆ ಕಂಡುಬಂದಿವೆ, ಒಂದರಿಂದಲೇ ಇನ್ನೊಂದು ಆಯಿತು ಅಂತ ಇನ್ನೂ ಹೇಳಲಾಗದು." ಸಪ್ಪೆ ಸಾಲುಗಳು, ಒಪ್ಪುತ್ತೇನೆ. ಆದರೆ ಅವು ನನ್ನ ಕೊಂಕಲ್ಲ. ನಿಮ್ಮ ವಿಜ್ಞಾನಿಗಳೇ ತಮ್ಮ ಪೇಪರಿನಲ್ಲಿ ಬರೆದುಕೊಂಡಿರುತ್ತಾರೆ. ನಾನು ಅಲ್ಲಿಂದ ಎತ್ತಿಕೊಂಡಿರುತ್ತೇನೆ, ಅಷ್ಟೇ.

ನಡೆದದ್ದನ್ನೇ ಹೇಳುತ್ತೇನೆ. ಸಂಸ್ಥೆಯ ಹೆಸರು ಬೇಡ. ಅವರನ್ನು ಕಟಕಟೆಗೆ ನಿಲ್ಲಿಸಲು ಈ ಪತ್ರ ಬರೆಯುತ್ತಿಲ್ಲ. ಇಂಥದ್ದು ಅಲ್ಲಿ ಮಾತ್ರ ನಡೆಯುತ್ತದೆ ಅಂತಲೂ ಇಲ್ಲ.

ಕೆಲವು ವರ್ಷಗಳ ಹಿಂದೆ ಒಂದು ಸಂಶೋಧನಾ ಸಂಸ್ಥೆಯಿಂದ ಮೇಲ್ ಬಂತು. ನೆನಪಿನ ಶಕ್ತಿಯನ್ನು ಚುರುಕುಗೊಳಿಸುವ ಒಂದು ಅಣುವಿನ ಬಗ್ಗೆ ಪೇಪರ್ ಪ್ರಕಟವಾಗಲಿದೆ, ನಾಲ್ಕು ದಿನದಲ್ಲಿ ಪ್ರೆಸ್ ನೋಟ್ ಬೇಕು. ಪೇಪರ್ ಕಳಿಸಿ ಅಂದೆ. "ಅದು ಇನ್ನೂ ಹೊರಗೆ ಬಂದಿಲ್ಲ. ಸಾರಾಂಶ ಕಳಿಸಿದ್ದೇವೆ, ಅಷ್ಟು ಸಾಕಲ್ವಾ?" ಎಂಬ ಉತ್ತರ ಬಂತು. ಸಾಲದು. ಸಾರಾಂಶದಲ್ಲಿ ಗೆದ್ದದ್ದು ಮಾತ್ರ ಇರುತ್ತದೆ. ಎಷ್ಟು ಪ್ರಾಣಿಗಳು, ಯಾವುದರ ಜೊತೆ ಹೋಲಿಕೆ, ಪರಿಣಾಮ ಎಷ್ಟು ದೊಡ್ಡದು, ಯಾವ ಪ್ರಯೋಗ ಕೈಕೊಟ್ಟಿತು, ಇವೆಲ್ಲ ವಿಧಾನದ ಭಾಗದಲ್ಲಿ, ಕೋಷ್ಟಕಗಳಲ್ಲಿ, ಕೊನೆಗೆ ಲಗತ್ತಿಸುವ ಹೆಚ್ಚುವರಿ ಫೈಲಿನಲ್ಲಿ ಇರುತ್ತವೆ. ತಮಾಷೆ ನೋಡಿ. ದೊಡ್ಡ ಜರ್ನಲ್‌ಗಳು ಇಂಥ ಪೇಪರುಗಳನ್ನು ಎಂಬಾರ್ಗೊ ಹಾಕಿ, ಅಂದರೆ ಇಂಥ ದಿನ ಇಂಥ ಗಂಟೆಗೆ ಮೊದಲು ಪ್ರಕಟಿಸಬಾರದು ಎಂಬ ಕರಾರಿನ ಮೇಲೆ, ವರದಿಗಾರರಿಗೆ ಮುಂಚೆಯೇ ಕೊಡುತ್ತವೆ. ಎಲ್ಲಿಯೋ ಇರುವ ವರದಿಗಾರನಿಗೆ ಸಿಗುವ ಪೇಪರು, ಅದರ ಪ್ರೆಸ್ ನೋಟ್ ಬರೆಯುವವಳಿಗೆ ಸಿಗುವುದಿಲ್ಲ!

ಎರಡು ದಿನ ಬೆನ್ನು ಬಿದ್ದ ಮೇಲೆ ಪೇಪರ್ ಬಂತು. ಪ್ರಯೋಗ ಮಾಡಿದ ಪೋಸ್ಟ್‌ಡಾಕ್ (ಪಿಎಚ್‌ಡಿ ಮುಗಿಸಿ ಲ್ಯಾಬಿನಲ್ಲಿ ಸಂಶೋಧನೆ ಮಾಡುವವರು) ಜೊತೆ ನಲವತ್ತು ನಿಮಿಷ ಫೋನಿನಲ್ಲಿ ಮಾತಾಡಿದೆ. ಈ ಕೆಲಸದಲ್ಲಿ ನನಗೆ ತುಂಬ ಇಷ್ಟವಾದ ಭಾಗ ಅದು. ಒಂದಿಡೀ ವರ್ಷ ಏನೂ ಫಲಿತಾಂಶ ಬರದೆ ಕೈಚೆಲ್ಲಿದ್ದು, ಆಮೇಲೆ ಅಣುವಿನ ಪ್ರಮಾಣ ಬದಲಿಸಿ ನೋಡಿದ್ದು, ಎಲ್ಲ ಹೇಳಿದರು. ಫೋನ್ ಇಡುವ ಮೊದಲು ಒಂದು ಮಾತು ಹೇಳಿದರು. ಅಣುವನ್ನು ನಾವು ಇಲಿಗಳ ಮೆದುಳಿಗೇ ನೇರವಾಗಿ ಚುಚ್ಚಿದ್ದೇವೆ. ರಕ್ತದಿಂದ ಮೆದುಳಿಗೆ ಹೋಗುವ ದಾರಿಯಲ್ಲಿ ಒಂದು ತಡೆ ಇದೆ, ಬಹಳಷ್ಟು ಔಷಧಿಗಳು ಅಲ್ಲೇ ನಿಂತುಬಿಡುತ್ತವೆ. ಗುಳಿಗೆಯಾಗಿ ಕೊಟ್ಟರೆ ಇದು ಮನುಷ್ಯರ ಮೆದುಳನ್ನು ತಲುಪುತ್ತದೋ ಇಲ್ಲವೋ ನಮಗೆ ಗೊತ್ತಿಲ್ಲ. ದಯವಿಟ್ಟು ಅದನ್ನು ಬರೆಯಿರಿ.

ಬರೆದೆ. ಎರಡನೇ ಪ್ಯಾರಾದಲ್ಲೇ ಬರೆದೆ. ಶೀರ್ಷಿಕೆ: "ಇಲಿಗಳಲ್ಲಿ ನೆನಪನ್ನು ಚುರುಕುಗೊಳಿಸಿದ ಅಣು".

ಡ್ರಾಫ್ಟ್ ಹೋಯಿತು. ಪ್ರಚಾರ ವಿಭಾಗದ ಒಬ್ಬರು ತಿದ್ದಿದರು, ಲ್ಯಾಬಿನ ಮುಖ್ಯಸ್ಥರು ತಿದ್ದಿದರು, ಡೀನ್ ಕಚೇರಿ, ದೇಣಿಗೆ ಸಂಗ್ರಹಿಸುವ ವಿಭಾಗ, ಪೇಟೆಂಟ್ ನೋಡಿಕೊಳ್ಳುವವರು, ಆಮೇಲೆ ಮತ್ತೆ ಪ್ರಚಾರ ವಿಭಾಗ. ಏಳನೇ ಸುತ್ತಿಗೆ ಫೈಲಿನ ಹೆಸರಿನಲ್ಲಿ "ಫೈನಲ್" ಎಂಬ ಪದ ಮೂರು ಸಲ ಇತ್ತು. ಶೀರ್ಷಿಕೆ ಈಗ "ಮರೆವಿನ ಕಾಯಿಲೆಗೆ ಚಿಕಿತ್ಸೆಯ ಹೊಸ ಭರವಸೆ". ಇಲಿ ಆರನೇ ಪ್ಯಾರಾಕ್ಕೆ ಓಡಿಹೋಗಿತ್ತು. ಮೆದುಳಿನ ತಡೆಯ ಸಾಲು ಇರಲೇ ಇಲ್ಲ. ಯಾರು ತೆಗೆದರು ಅಂತ ಕೇಳಿದೆ. ಯಾರಿಗೂ ಗೊತ್ತಿರಲಿಲ್ಲ. ನಿಜವಾಗಿಯೂ ಗೊತ್ತಿರಲಿಲ್ಲ ಅಂತ ನಾನು ನಂಬುತ್ತೇನೆ. ಏಳು ಜನ ಸ್ವಲ್ಪ ಸ್ವಲ್ಪ ಒರೆಸಿದರೆ ಯಾರ ಕೈಗೂ ಮಸಿ ಹತ್ತುವುದಿಲ್ಲ.

ನಿರ್ದೇಶಕರ ಹೆಸರಿನಲ್ಲಿ ಒಂದು ಭರವಸೆಯ ಮಾತೂ ಅದರಲ್ಲಿತ್ತು. ಅದನ್ನು ಬರೆದವಳು ನಾನೇ. ಪ್ರೆಸ್ ನೋಟುಗಳಲ್ಲಿ ಉದ್ಧರಣ ಚಿಹ್ನೆಯ ಒಳಗೆ ಕೂತಿರುವ ಎಷ್ಟೋ ಮಾತುಗಳು ಯಾರ ಬಾಯಿಂದಲೂ ಬಂದವಲ್ಲ. ಅದು ನಿಮಗೂ ಗೊತ್ತು, ನನಗೂ ಗೊತ್ತು. ಹಾಗಾಗಿ ತಪ್ಪೆಲ್ಲ ನಿಮ್ಮದೇ ಅಂತ ಹೇಳಲು ನನಗೆ ಬಾಯಿಲ್ಲ.

ಪ್ರೆಸ್ ನೋಟ್ ಹೊರಟ ಎರಡು ದಿನಕ್ಕೆ ಪೋಸ್ಟ್‌ಡಾಕ್ ಅವರಿಂದ ನನಗೆ ಒಂದೇ ಸಾಲಿನ ಮೇಲ್ ಬಂತು: "ಇಲಿ ಎಲ್ಲಿ ಹೋಯಿತು?" ಕೊನೆಯ ಪ್ರತಿಯನ್ನು ಅವರಿಗೆ ತೋರಿಸಿಯೇ ಇರಲಿಲ್ಲ. ಪೇಪರಿನ ಮೊದಲ ಲೇಖಕಿ ಅವರು, ಅಂದರೆ ಕೆಲಸದ ಮುಖ್ಯ ಪಾಲು ಅವರದೇ.

ಒಂದು ವಾರದ ಮೇಲೆ ನಿಮ್ಮಂಥದೇ ಆ ಕಚೇರಿಯಿಂದ ಇನ್ನೊಂದು ಮೇಲ್. ಓದುಗರೊಬ್ಬರ ಪತ್ರವನ್ನು ನನಗೆ ಕಳಿಸಿದ್ದರು. ಅವರ ತಂದೆಗೆ ಮರೆವಿನ ಕಾಯಿಲೆ. ಪತ್ರಿಕೆಯಲ್ಲಿ ಓದಿದೆ, ಈ ಔಷಧಿ ಎಲ್ಲಿ ಸಿಗುತ್ತದೆ, ಪ್ರಯೋಗಕ್ಕೆ ಹೆಸರು ಕೊಡಬಹುದಾ ಅಂತ ಕೇಳಿದ್ದರು. ಮೇಲ್ಗಡೆ ಕಚೇರಿಯವರ ಒಕ್ಕಣೆ: "ಇದಕ್ಕೆ ಎರಡು ಸಾಲಿನ ಉತ್ತರ ಬರೆದುಕೊಡುತ್ತೀರಾ?" ನಾನು ಬರೆದುಕೊಟ್ಟೆ. ಅದಕ್ಕೆ ಬಿಲ್ ಹಾಕಲಿಲ್ಲ. ಹಾಕಲು ಮನಸ್ಸು ಬರಲಿಲ್ಲ. ಆ ಎರಡು ಸಾಲು ಏನು ಗೊತ್ತೇ? ನೀವು ಅಳಿಸಿದ್ದ ಅದೇ ಸಾಲುಗಳು. ಇದು ಇಲಿಗಳ ಪ್ರಯೋಗ, ಮನುಷ್ಯರಿಗೆ ಕೊಡುವ ಔಷಧಿ ಇನ್ನೂ ಇಲ್ಲ.

ಇದು ನನ್ನೊಬ್ಬಳ ಕಹಿ ಅನುಭವ ಅಂತ ನೀವು ಪಕ್ಕಕ್ಕಿಡಬಹುದು. ಹಾಗಾಗಿ ಒಂದು ಲೆಕ್ಕ ಮುಂದಿಡುತ್ತೇನೆ. 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಕಾರ್ಡಿಫ್ ವಿಶ್ವವಿದ್ಯಾಲಯದ ಪೆಟ್ರಾಕ್ ಸಮ್ನರ್ ಮತ್ತು ಸಂಗಡಿಗರ ಒಂದು ಅಧ್ಯಯನ ಬಂತು. ಬ್ರಿಟನ್ನಿನ 20 ದೊಡ್ಡ ವಿಶ್ವವಿದ್ಯಾಲಯಗಳು 2011ರಲ್ಲಿ ಹೊರಡಿಸಿದ ಆರೋಗ್ಯ ಸಂಬಂಧಿ ಪ್ರೆಸ್ ನೋಟುಗಳು ಒಟ್ಟು 462. ಅವುಗಳನ್ನು ಒಂದು ಕಡೆ ಮೂಲ ಪೇಪರಿನ ಜೊತೆ, ಇನ್ನೊಂದು ಕಡೆ ಪತ್ರಿಕೆಗಳ ಸುದ್ದಿಯ ಜೊತೆ ಇಟ್ಟು ನೋಡಿದರು. ಶೇ. 40ರಷ್ಟು ಪ್ರೆಸ್ ನೋಟುಗಳಲ್ಲಿ ಜನರಿಗೆ ಕೊಟ್ಟ ಸಲಹೆ ಪೇಪರಿನಲ್ಲಿ ಇದ್ದದ್ದಕ್ಕಿಂತ ಜೋರಾಗಿತ್ತು. ಶೇ. 33ರಲ್ಲಿ ಬರೀ ನಂಟು ಕಂಡದ್ದನ್ನು ಕಾರಣ ಎಂಬಂತೆ ಹೇಳಲಾಗಿತ್ತು. ಪ್ರಾಣಿಗಳ ಪ್ರಯೋಗವನ್ನು ಮನುಷ್ಯರಿಗೆ ಎಳೆದು ಹೇಳಿದ್ದು ಶೇ. 36.

ಇಷ್ಟೇ ಆಗಿದ್ದರೆ ಬಿಡಬಹುದಿತ್ತು. ಮುಂದಿನದು ಜಾಸ್ತಿ ಚುಚ್ಚುತ್ತದೆ. ಪ್ರೆಸ್ ನೋಟಿನಲ್ಲಿ ಇಲಿಯನ್ನು ಮನುಷ್ಯನಾಗಿ ಮಾಡಿದ್ದರೆ ಶೇ. 86ರಷ್ಟು ಸುದ್ದಿಗಳಲ್ಲೂ ಹಾಗೇ ಆಗಿತ್ತು. ಪ್ರೆಸ್ ನೋಟ್ ಸರಿಯಾಗಿದ್ದಾಗ ಸುದ್ದಿಯಲ್ಲಿ ಆ ತಪ್ಪು ಬಂದದ್ದು ಬರೀ ಶೇ. 10. ಅಂದರೆ "ಪತ್ರಕರ್ತರು ತಿರುಚಿದರು" ಅಂತ ನಾವು ಯಾವಾಗಲೂ ಹೇಳುತ್ತೇವಲ್ಲ, ಬಹಳ ಸಲ ಅವರು ತಿರುಚಿರಲೇ ಇಲ್ಲ. ನಾವು ಕೊಟ್ಟದ್ದನ್ನೇ ಹಾಕಿದ್ದರು.

ಇನ್ನು ನೀವು ನನಗೆ ಪ್ರತಿ ಸಲ ಹೇಳುವ ಮಾತು: "ಹಾಗೆ ಬರೆದರೆ ಯಾರೂ ಸುದ್ದಿ ಮಾಡುವುದಿಲ್ಲ." ಆ ಅಧ್ಯಯನದಲ್ಲಿ ಉಬ್ಬಿಸಿ ಬರೆದ ಪ್ರೆಸ್ ನೋಟುಗಳಿಗೆ ಜಾಸ್ತಿ ಸುದ್ದಿ ಸಿಕ್ಕಿತು ಎನ್ನಲು ಹೆಚ್ಚಿನ ಆಧಾರ ಸಿಗಲಿಲ್ಲ. ಅದೇ ಗುಂಪು ಆಮೇಲೆ ಬ್ರಿಟನ್ನಿನ ಕೆಲವು ಪ್ರೆಸ್ ಕಚೇರಿಗಳ ಜೊತೆ ಸೇರಿ 312 ಪ್ರೆಸ್ ನೋಟುಗಳ ಮೇಲೆ ಪ್ರಯೋಗವನ್ನೇ ಮಾಡಿ, 2019ರಲ್ಲಿ ಪ್ರಕಟಿಸಿತು. ಎಚ್ಚರಿಕೆಯ ಸಾಲು ಸೇರಿಸಿದ್ದರಿಂದ ಸುದ್ದಿ ಕಡಿಮೆಯಾದದ್ದು ಅದರಲ್ಲೂ ಕಾಣಲಿಲ್ಲ. ಪುರಾವೆ ಇಲ್ಲದೆ ಏನನ್ನೂ ನಂಬಬಾರದು ಅಂತ ಕಲಿಸುವ ಸಂಸ್ಥೆಗಳು ನಿಮ್ಮವು. ಈ ಒಂದು ನಂಬಿಕೆಗೆ ಮಾತ್ರ ಪುರಾವೆ ಯಾಕೆ ಬೇಡ?

ಹಳೆಯ ಉದಾಹರಣೆಗಳೂ ಇವೆ. 1989ರ ಮಾರ್ಚ್ 23ರಂದು ಯೂಟಾ ವಿಶ್ವವಿದ್ಯಾಲಯ ಪತ್ರಿಕಾಗೋಷ್ಠಿ ಕರೆದು ಕೋಲ್ಡ್ ಫ್ಯೂಷನ್, ಅಂದರೆ ಸೂರ್ಯನೊಳಗೆ ನಡೆಯುವಂಥ ಪರಮಾಣು ಬೆಸುಗೆಯನ್ನು ಕೋಣೆಯ ಉಷ್ಣತೆಯಲ್ಲೇ ಸಾಧಿಸಿದ್ದೇವೆ ಅಂತ ಸಾರಿತು. ಪೇಪರ್ ಇನ್ನೂ ಪ್ರಕಟವಾಗಿರಲಿಲ್ಲ. ಬೇರೆ ಲ್ಯಾಬುಗಳಲ್ಲಿ ಅದು ಗಟ್ಟಿಯಾಗಿ ನಿಲ್ಲಲಿಲ್ಲ. 2015ರ ಡಿಸೆಂಬರಿನಲ್ಲಿ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಪ್ರೆಸ್ ನೋಟ್, ಒಂದು ಕಂಪನಿಯ ಚಾಕೊಲೇಟ್ ಹಾಲು ಕುಡಿದ ಶಾಲಾ ಫುಟ್‌ಬಾಲ್ ಆಟಗಾರರು ತಲೆಗೆ ಪೆಟ್ಟು ಬಿದ್ದ ಮೇಲೂ ಚೆನ್ನಾಗಿದ್ದರು ಎಂಬಂತೆ ಹೇಳಿತು. ಅದಕ್ಕೆ ಪ್ರಕಟವಾದ ಪೇಪರೇ ಇರಲಿಲ್ಲ. ಮರುವರ್ಷ ವಿಶ್ವವಿದ್ಯಾಲಯ ತಾನೇ ವಿಚಾರಣೆ ಮಾಡಿಸಿಕೊಂಡು, ತಪ್ಪುಗಳನ್ನು ಹೊರಗೆ ಹಾಕಿತು. ಆ ಮಟ್ಟಿಗೆ ಅವರನ್ನು ಮೆಚ್ಚಬೇಕು.

ಇಂಥ ದೊಡ್ಡ ಎಡವಟ್ಟುಗಳು ಅಪರೂಪ. ನನಗೆ ದಿನವೂ ಎದುರಾಗುವುದು ಸಣ್ಣವು. ಒಂದು ಕಾಯಿಲೆ 1000 ಜನರಲ್ಲಿ 2 ಮಂದಿಗೆ ಬರುತ್ತಿದ್ದದ್ದು 1ಕ್ಕೆ ಇಳಿಯಿತು ಅಂತಿಟ್ಟುಕೊಳ್ಳಿ. "ಅಪಾಯ ಅರ್ಧಕ್ಕೆ ಇಳಿಯಿತು" ಅಂದರೂ ಸುಳ್ಳಲ್ಲ. "1000ದಲ್ಲಿ ಒಬ್ಬರಿಗೆ ಲಾಭ" ಅಂದರೂ ಸುಳ್ಳಲ್ಲ. ನಾನು ಎರಡನ್ನೂ ಬರೆದು ಕಳಿಸುತ್ತೇನೆ. ವಾಪಸ್ ಬರುವಾಗ ಮೊದಲನೆಯದು ಶೀರ್ಷಿಕೆಯಲ್ಲಿರುತ್ತದೆ, ಎರಡನೆಯದು ಎಲ್ಲೂ ಇರುವುದಿಲ್ಲ.

ಹಾಗಾದರೆ ನಾನು ಯಾಕೆ ಜಗಳ ಆಡಲಿಲ್ಲ? ಆ ಇಲಿಗಾಗಿ ಯಾಕೆ ಪಟ್ಟು ಹಿಡಿಯಲಿಲ್ಲ? ಈ ಪತ್ರದಲ್ಲಿ ನಾನು ನಿಜವಾಗಿ ಹೇಳಬೇಕಾದ್ದು ಇದು. ನನ್ನ ಕರಾರಿನಲ್ಲಿ "ಪ್ರಕಟವಾದ ಮೇಲೆ ಹಣ" ಅಂತಿತ್ತು.

ಅದರ ಅರ್ಥ ಬಿಡಿಸಿ ಹೇಳುತ್ತೇನೆ. ನಾನು ತಕರಾರು ತೆಗೆದರೆ ಇನ್ನೊಂದು ಸುತ್ತು ತಿದ್ದುಪಡಿ. ಇನ್ನೊಂದು ಸುತ್ತು ಅಂದರೆ ಇನ್ನೆರಡು ವಾರ. ಪ್ರಕಟವಾಗುವುದು ತಡ, ಬಿಲ್ ಹಾಕುವುದು ತಡ. ಬಿಲ್ ಹಾಕಿದ ಮೇಲೆ ಅಕೌಂಟ್ಸ್ ವಿಭಾಗದವರ 60 ದಿನ, ಕೆಲವು ಕಡೆ 90 ದಿನ. ನಡುವೆ ಪರ್ಚೇಸ್ ಆರ್ಡರ್ ನಂಬರ್ ಇಲ್ಲ ಅಂತ ಬಿಲ್ ವಾಪಸ್. ಆ ನಂಬರ್ ಕೊಡಬೇಕಾದವರು ರಜೆಯಲ್ಲಿ. ಒಂದು ಸಲ ಸಂಸ್ಥೆಯೊಂದು ಇಡೀ ಸಂಚಿಕೆಯನ್ನೇ ಕೈಬಿಟ್ಟಿತು. ನಾನು ಬರೆದು ಮುಗಿಸಿದ್ದ ಮೂರು ಲೇಖನಗಳು ಪ್ರಕಟವಾಗಲಿಲ್ಲ, ಹಾಗಾಗಿ ಅವುಗಳ ಹಣ ಬರಲಿಲ್ಲ. ಈ ಲೆಕ್ಕ ತಲೆಯಲ್ಲಿಟ್ಟುಕೊಂಡು ಕೂತವಳು ಇಲಿಯ ಪರವಾಗಿ ಎಷ್ಟು ಹೊತ್ತು ವಾದ ಮಾಡುತ್ತಾಳೆ? "ಸರಿ, ಹಾಗೇ ಇರಲಿ" ಅಂತ ಬರೆದು ಕಳಿಸಿದೆ. ಆ ಮೇಲ್ ಇನ್ನೂ ನನ್ನ ಹತ್ತಿರ ಇದೆ.

ತಡವಾಗಿ ಬರುವ ಹಣ ಒಂದು ದೂರು, ಉಬ್ಬಿಸಿ ಬರೆಯುವುದು ಇನ್ನೊಂದು ದೂರು ಅಂತ ನೀವು ಬೇರೆ ಬೇರೆ ಫೈಲಿನಲ್ಲಿ ಇಡುತ್ತೀರಿ. ನನ್ನ ಮೇಜಿನ ಮೇಲೆ ಎರಡೂ ಒಂದೇ ಗಂಟು. ಹೊರಗಿನ ಬರಹಗಾರರನ್ನು ನೀವು ಕರೆಯುವುದೇ ಹೊರಗಿನ ಕಣ್ಣು ಬೇಕು ಅಂತ. ಆ ಕಣ್ಣು ಕಂಡದ್ದನ್ನು ಹೇಳಿದರೆ ಅದರ ಹಣ ತಡವಾಗುತ್ತದೆ. ಹೀಗಿರುವಾಗ ಅದು ಎಷ್ಟು ದಿನ ನೋಡುತ್ತದೆ?

ಇನ್ನೊಂದು ವಿಷಯ, ಇದು ನಿಮ್ಮ ಗಮನಕ್ಕೆ ಬಂದಿರಲಿಕ್ಕಿಲ್ಲ. ನಾನು ಪತ್ರಿಕೆಗಳಿಗೂ ಬರೆಯುತ್ತೇನೆ. ನಿಮ್ಮ ಸಂಸ್ಥೆಯಿಂದ ಹಣ ಪಡೆದ ಮೇಲೆ ನಿಮ್ಮ ಸಂಶೋಧನೆಯ ಬಗ್ಗೆ ಪತ್ರಿಕೆಯಲ್ಲಿ ವರದಿ ಮಾಡುವುದು ಸರಿಯಲ್ಲ. ಸಂಪಾದಕರು ಒಪ್ಪುವುದೂ ಇಲ್ಲ. ಒಂದು ಪ್ರೆಸ್ ನೋಟ್ ಬರೆದೆ ಅಂದರೆ ಆ ಸಂಸ್ಥೆಯ ಬಾಗಿಲು ನನಗೆ ಇನ್ನೊಂದು ಕಡೆಯಿಂದ ಮುಚ್ಚಿತು ಅಂತಲೇ. ನಮ್ಮ ದರ ಯಾಕೆ ಇಷ್ಟು ಅಂತ ಚೌಕಾಸಿ ಮಾಡುವಾಗ ಇದನ್ನೂ ಸ್ವಲ್ಪ ಲೆಕ್ಕಕ್ಕೆ ತೆಗೆದುಕೊಳ್ಳಿ.

ಈಚೆಗೆ ಶುರುವಾದ ಹೊಸ ಚೌಕಾಸಿ ಬೇರೆ ಇದೆ. ಎಐಗೆ ಪೇಪರ್ ಹಾಕಿ ಡ್ರಾಫ್ಟ್ ಮಾಡಿಸಿದ್ದೇವೆ, ನೀವು ಸುಮ್ನೆ ಒಮ್ಮೆ ಕಣ್ಣಾಡಿಸಿ, ದರ ಅರ್ಧ. ಕಣ್ಣಾಡಿಸಿದರೆ ಆಗುವುದಿಲ್ಲ. ಅದರಲ್ಲಿರುವ ಪ್ರತಿ ಸಂಖ್ಯೆಯನ್ನೂ ಪೇಪರಿನ ಜೊತೆ ಹೋಲಿಸಬೇಕು. ನಾನೇ ಬರೆದಿದ್ದರೆ ಯಾವ ಸಾಲು ಎಲ್ಲಿಂದ ಬಂತು ಅಂತ ನನಗೆ ಗೊತ್ತಿರುತ್ತಿತ್ತು. ಇದರಲ್ಲಿ ಗೊತ್ತಿಲ್ಲ. ಕೆಲಸ ಕಡಿಮೆಯಾಗಿಲ್ಲ, ಹಣ ಮಾತ್ರ ಕಡಿಮೆಯಾಗಿದೆ.

ಈಗ ನನ್ನ ಬೇಡಿಕೆಗಳು. ದೊಡ್ಡವೇನೂ ಇಲ್ಲ.

ಕೆಲಸ ಒಪ್ಪಿಸುವ ಇಮೇಲ್ ಜೊತೆಗೇ ಪೂರ್ತಿ ಪೇಪರ್ ಕಳಿಸಿ. ಗುಟ್ಟು ಕಾಯಬೇಕಾದರೆ ಕಾಗದಕ್ಕೆ ಸಹಿ ಮಾಡಿಕೊಡುತ್ತೇನೆ. ಪ್ರಯೋಗ ಮಾಡಿದವರ ಜೊತೆ ನೇರವಾಗಿ ಮಾತಾಡಲು ಬಿಡಿ. ಲ್ಯಾಬಿನ ಮುಖ್ಯಸ್ಥರ ಜೊತೆ ಮಾತ್ರ ಅಲ್ಲ, ಕೈಯಲ್ಲಿ ಪಿಪೆಟ್ ಹಿಡಿದವರ ಜೊತೆ. ಮತ್ತು ಕೊನೆಯ ಪ್ರತಿಯನ್ನು ಅವರಿಗೆ ತೋರಿಸದೆ ಹೊರಗೆ ಬಿಡಬೇಡಿ.

ಹಣವನ್ನು ಪ್ರಕಟಣೆಗೆ ಕಟ್ಟಬೇಡಿ. ಒಪ್ಪಿದ ಡ್ರಾಫ್ಟ್ ಕೈಗೆ ಸಿಕ್ಕ ದಿನದಿಂದ 30 ದಿನ ಅಂತ ಕರಾರಿನಲ್ಲೇ ಬರೆಯಿರಿ. ಇದು ನನ್ನ ಹುಚ್ಚು ಆಸೆ ಅಲ್ಲ. ಐರೋಪ್ಯ ಒಕ್ಕೂಟ 2011ರಲ್ಲೇ ಸಾರ್ವಜನಿಕ ಸಂಸ್ಥೆಗಳಿಗೆ ಸಾಮಾನ್ಯವಾಗಿ 30 ದಿನದ ಗಡುವು ಹಾಕಿದೆ. ನ್ಯೂಯಾರ್ಕ್ ನಗರದಲ್ಲಿ 2017ರಿಂದ ಫ್ರೀಲಾನ್ಸ್ ಕೆಲಸಗಾರರಿಗಾಗಿಯೇ ಕಾನೂನು ಇದೆ. ಕರಾರಿನಲ್ಲಿ ಬೇರೆ ದಿನ ಹೇಳಿರದಿದ್ದರೆ ಕೆಲಸ ಮುಗಿದ 30 ದಿನದೊಳಗೆ ಹಣ ಕೊಡಬೇಕು. ನೀವೇ ಕೆಲಸ ಕೈಬಿಟ್ಟರೆ ಆಗಿರುವ ಕೆಲಸಕ್ಕೆ ಎಷ್ಟು ಕೊಡುತ್ತೀರಿ ಎಂಬುದನ್ನೂ ಮೊದಲೇ ಬರೆದಿಡಿ. ತಿದ್ದುಪಡಿ ಎರಡು ಸುತ್ತು ಸಾಕು. ಮೂರನೆಯದಕ್ಕೆ ಬೇರೆ ಬಿಲ್.

ತಿದ್ದುವವರು ಎಷ್ಟು ಜನ ಬೇಕಾದರೂ ಇರಲಿ, ಕೊನೆಗೆ ಒಪ್ಪಿಗೆ ಕೊಡುವವರು ಒಬ್ಬರೇ ಇರಲಿ. ಅವರ ಹೆಸರು ನನಗೆ ಗೊತ್ತಿರಲಿ.

ಪ್ರತಿ ಪ್ರೆಸ್ ನೋಟಿನ ತಲೆಯ ಮೇಲೆ ಮೂರು ಸಣ್ಣ ಚೀಟಿ ಹಾಕಿ. ಬೇರೆ ತಜ್ಞರು ಪರಿಶೀಲಿಸಿದ್ದಾರೋ ಇಲ್ಲವೋ, ಇದು ಯಾವ ಬಗೆಯ ಅಧ್ಯಯನ, ಮಾಡಿದ್ದು ಮನುಷ್ಯರಲ್ಲೋ ಪ್ರಾಣಿಗಳಲ್ಲೋ ಕೋಶಗಳಲ್ಲೋ. ಬ್ರಿಟನ್ನಿನಲ್ಲಿ ಸೈನ್ಸ್ ಮೀಡಿಯಾ ಸೆಂಟರ್ ಮತ್ತು ಅಕಾಡೆಮಿ ಆಫ್ ಮೆಡಿಕಲ್ ಸೈನ್ಸಸ್ ಸೇರಿ ಇಂಥ ಪದ್ಧತಿ ತಂದಿವೆ. ಇದಕ್ಕೆ ದುಡ್ಡು ಖರ್ಚಿಲ್ಲ. ಶೀರ್ಷಿಕೆಯಲ್ಲಿ ನೀವು ಏನೇ ಬರೆದರೂ ಇಲಿ ಅಲ್ಲೇ ಮೇಲ್ಗಡೆ ಕೂತಿರುತ್ತದೆ.

ಕೊನೆಯದು ಒಂದು. ಮುಂದೆಯೂ ನಿಮಗೆ ಪತ್ರಗಳು ಬರುತ್ತವೆ, ಈ ಔಷಧಿ ಎಲ್ಲಿ ಸಿಗುತ್ತದೆ ಅಂತ. ಅವುಗಳನ್ನು ನನಗೆ ಕಳಿಸಬೇಡಿ. ಎಚ್ಚರಿಕೆಯ ಸಾಲನ್ನು ಅಳಿಸಿದವರು ಯಾರು ಅಂತ ಹುಡುಕಿ, ಉತ್ತರವನ್ನು ಅವರ ಕೈಯಿಂದಲೇ ಬರೆಸಿ.

ಇಂತಿ ನಿಮ್ಮ ವಿಶ್ವಾಸಿ,
ಒಬ್ಬ ಫ್ರೀಲಾನ್ಸ್ ವಿಜ್ಞಾನ ಬರಹಗಾರ್ತಿ